ಬೆಕ್ಕುಗಳ ಮಾವನ ಮೈವಾಸನೆ

ಸಾಕುಮೀನಿಗೆ ಮೇವು ಮಾಡುವ ಗಿರಣಿಯಲ್ಲಿ ಒಣಮೀನು ಪುಡಿ ಮಾಡುವುದು ಅವನ ಕೆಲಸ. ಮೀಸೆ ಬರುವ ಮೊದಲೇ ಸೇರಿದವನು, ಮೀಸೆ ನರೆತರೂ ಅಲ್ಲೇ ಇದ್ದ. ಎಷ್ಟು ಸೋಪು ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. ಸಂಜೆ ಮನೆಗೆ ಹೊರಟರೆ ಬೀದಿಯ ಬೆಕ್ಕುಗಳೆಲ್ಲ ಹಿಂದೆಯೇ ಮೆರವಣಿಗೆ. "ಬೆಕ್ಕುಗಳ ಮಾವ ಬಂದ, ಅಳಿಯಂದಿರಿಗೆ ದಾರಿ ಬಿಡ್ರಪ್ಪಾ" ಎಂದು ಚಹಾದಂಗಡಿಯವನು ಕೂಗುತ್ತಿದ್ದ. ಇವನೂ ನಗುತ್ತಿದ್ದ.

ಮನೆಯಲ್ಲಿ ಅಮ್ಮ. ಅವಳ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಆಮೇಲೆ ನೆನಪೂ ಹೋಯಿತು. ಸೊಸೆ ಊಟ ತಂದರೆ ಬಾಯಿ ಬಿಗಿದುಕೊಳ್ಳುವಳು. ಮಗ ಪಕ್ಕದಲ್ಲಿ ಕೂತ ಕೂಡಲೇ ಮೂಗು ಅರಳಿಸಿ, "ಬಂದೆಯೇನೋ?" ಎಂದು ಬಾಯಿ ತೆರೆಯುವಳು. ಅವನ ಕೈತುತ್ತೊಂದೇ ಅವಳಿಗೆ ಇಳಿಯುತ್ತಿದ್ದದ್ದು.

ಹೀಗಿರುವಾಗ ಗಿರಣಿಗೆ ಒಣಮೀನು ಬರುವುದು ನಿಂತಿತು. ಸಮುದ್ರದ ಸಣ್ಣ ಮೀನನ್ನೆಲ್ಲ ಬಾಚಿ ಸಾಕುಮೀನಿಗೆ ಸುರಿದರೆ ಸಮುದ್ರಕ್ಕೆ ಏನು ಉಳಿದೀತು, ಇನ್ನು ಮೇಲೆ ಸೋಯಾ ಹಿಂಡಿ, ಬಟಾಣಿ ಹಿಟ್ಟು ಎಂದರು ಯಜಮಾನರು. ಮಾತು ಸರಿಯೆಂದೇ ಅವನಿಗೂ ಅನ್ನಿಸಿತು. ಬರಬರುತ್ತ ಬೆಕ್ಕುಗಳು ಅವನನ್ನು ಕಂಡರೂ ತಲೆ ಎತ್ತದಾದವು. ಹೆಂಡತಿಗೆ ಹಿಗ್ಗು. ಆದರೆ ಒಂದು ಸಂಜೆ ಅಮ್ಮ ತುತ್ತಿಗೆ ಬಾಯಿ ತೆರೆಯಲಿಲ್ಲ.

"ನಾನಮ್ಮ, ನಿನ್ನ ಮಗ."

"ಮಗ ಅಂತ ಯಾರು ಬೇಕಾದ್ರೂ ಹೇಳಬಹುದು. ನೀವು ಯಾರಪ್ಪ? ನನ್ನ ಮಗ ಬರಲಿ, ಉಣ್ತೀನಿ."

ಮರುದಿನವೂ ಅದೇ ಮಾತು. ನೀರು ಬಿಟ್ಟರೆ ಏನೂ ಒಳಗೆ ಹೋಗಲಿಲ್ಲ. ಕೆನ್ನೆ ಗುಳಿಬಿತ್ತು.

ಗಿರಣಿಯ ಹಿಂದಿನ ಕೊಳದಲ್ಲೂ ಅದೇ ಗೋಳು. ಹೊಸ ಮೇವನ್ನು ಮೀನುಗಳು ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ಕೊಳ ನೋಡಿಕೊಳ್ಳುವಾಕೆ ಮೇವಿಗೆ ಮೀನೆಣ್ಣೆ ಸವರಿ ಎರಚುತ್ತಿದ್ದಳು.

"ಒಂದೇ ಸಲ ಬಿಡಿಸಿದ್ರೆ ಉಪವಾಸ ಬೀಳ್ತವೆ ಮಾವ. ಎಣ್ಣೆ ಚೂರುಚೂರೇ ಕಮ್ಮಿ ಮಾಡ್ತಾ ಬಂದ್ರೆ ಹಿಂಡಿಗೇ ಒಗ್ಗಿಕೊಳ್ತವೆ. ಈ ಡಬ್ಬಿ ಮುಗಿದ್ರೆ ಎಣ್ಣೆನೂ ತರಿಸಲ್ವಂತೆ."

ಅವನು ಒಂದು ಸೀಸೆ ಹುಡುಕಿ ತಂದು ಚಾಚಿದ. "ನನಗೂ ಒಂದಿಷ್ಟು ಕೊಡು ತಾಯಿ."

"ಯಾಕೆ, ಅಳಿಯಂದಿರು ಮುನಿಸಿಕೊಂಡ್ರಾ?" ಎಂದು ನಕ್ಕವಳು ಅವನ ಮುಖ ನೋಡಿ ನಗು ನುಂಗಿದಳು. ಸೀಸೆ ತುಂಬಿಸಿಕೊಟ್ಟಳು.

ಆ ಸಂಜೆ ಹಿಂಡಿಯ ಧೂಳು ಹತ್ತಿದ ಅಂಗಿಯಲ್ಲೇ, ಮುಂಗೈಗೆ ಎಣ್ಣೆ ಸವರಿಕೊಂಡು ಕೂತ. ಅಮ್ಮ ಮೂಗು ಅರಳಿಸಿದಳು, ಉಂಡಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅಂದಿನಿಂದ ಅಂಗಿ ಅದೇ. ಎಣ್ಣೆ ಮಾತ್ರ ಕಮ್ಮಿಯಾಗುತ್ತ ಬಂತು, ಕೊನೆಗೆ ಬೆರಳ ತುದಿಯಷ್ಟು.

ಸೀಸೆ ಬರಿದಾದ ಸಂಜೆ ಹಾಗೆಯೇ ಹೋಗಿ ಕೂತ. ತುತ್ತು ಕಲಸಿ ಮುಂದೆ ಹಿಡಿದ. ಅಮ್ಮ ಅವನ ಮುಂಗೈ ಎಳೆದು ಮೂಸಿದಳು. ತೋಳು ಮೂಸಿದಳು. ಮತ್ತೆ ಮುಂಗೈ. ಬಾಗಿಲಲ್ಲಿ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಏನೋ, ಮೀನಿನ ಕೆಲಸ ಬಿಟ್ಟೆಯಾ?" ಎಂದಳು ಅಮ್ಮ.

"ಬಿಟ್ಟೆನಮ್ಮ. ಈಗ ಕಾಳಿನ ಕೆಲಸ."

"ಅದರಲ್ಲಿ ಹೊಟ್ಟೆಗಾಗುತ್ತಾ?"

"ಆಗುತ್ತಮ್ಮ."

ಅಮ್ಮ ಬಾಯಿ ತೆರೆದಳು.

ಅವಳು ಕಣ್ಣು ಮುಚ್ಚುವವರೆಗೂ ಅವನು ಸಂಜೆ ಆ ಅಂಗಿಯಲ್ಲೇ ಪಕ್ಕದಲ್ಲಿ ಕೂರುತ್ತಿದ್ದ. ಒಗೆಯಲು ಕೊಡಿ ಎಂದು ಹೆಂಡತಿ ಒಮ್ಮೆಯೂ ಕೇಳಲಿಲ್ಲ.