ಇನ್ನೊಂದು ಸಲ

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವನಿಗೆ 'ಕೂದಲೆಳೆ ಸಾಹೇಬ್ರು' ಎಂದು ಹೆಸರು. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಜೋಡಿಸುವುದು, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ನೀಲಿ ಕಾಗದ ಕಚ್ಚಿಸಿ ನೋಡುವುದು, ಬಣ್ಣ ಹತ್ತಿದ ಕಡೆ ಉಜ್ಜುವುದು ಅವನ ಕೆಲಸ. ಉಳಿದವರು ನಾಲ್ಕು ಸಲ ಉಜ್ಜಿ ಕೈ ತೊಳೆದುಕೊಂಡರೆ ಇವನು ಹದಿನಾಲ್ಕು ಸಲ ಉಜ್ಜಬೇಕು. "ಇನ್ನೂ ಕೂದಲೆಳೆಯಷ್ಟು ಎತ್ತರ ಇದೆ" ಎನ್ನುವುದು ಬಾಯಿಪಾಠವಾಗಿಬಿಟ್ಟಿತ್ತು. ಯಾರದೋ ಬಾಯಿಗೆ ಅದು ಒಳ್ಳೆಯದೇ. ಆದರೆ ಈ ಮಹರಾಯ ಅದೇ ಉಜ್ಜುಗೊರಡನ್ನು ಸಂಗೀತಕ್ಕೂ ಹಿಡಿದಿದ್ದ.

ಹನ್ನೊಂದು ವರ್ಷದಿಂದ ಮನೆಯ ಚಿಕ್ಕ ಕೋಣೆಯಲ್ಲಿ, ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿ, ಗಿಟಾರು, ಕೀಬೋರ್ಡು, ಡ್ರಮ್ಮು ಎಲ್ಲವನ್ನೂ ತಾನೊಬ್ಬನೇ ನುಡಿಸಿ ಕಂಪ್ಯೂಟರಿಗೆ ತುಂಬುತ್ತ ಬಂದಿದ್ದ. ಒಂದು ಹಾಡಾದರೂ ಮುಗಿದಿದೆಯೇ ಎಂದರೆ ಇಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕ ಬಟ್ಟೆ ಹೊಲಿಯುತ್ತಾಳೆ. ಮನೆಯಲ್ಲಿರುವುದು ಅವರಿಬ್ಬರೇ. ಇವನು ಗೋಡೆಗೆ ಎರಡು ಸಲ ಕುಟ್ಟಿದರೆ ಅವಳು ಹೊಲಿಗೆ ಯಂತ್ರ ನಿಲ್ಲಿಸಬೇಕು, ನಲ್ಲಿ ಮುಚ್ಚಬೇಕು, ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿಕೊಳ್ಳಬೇಕು. ಮತ್ತೆ ಒಂದು ಸಲ ಕುಟ್ಟಿದ ಮೇಲೆ ಅವಳಿಗೆ ಬಿಡುಗಡೆ.

"ಜೈಲಲ್ಲೂ ಮಾತಾಡೋಕೆ ಬಿಡ್ತಾರಂತೆ ಕಣೋ" ಎಂದು ಅಕ್ಕ ನಗುತ್ತಿದ್ದಳು.

ಇವನಿಗೆ ನಗು ಬರುತ್ತಿರಲಿಲ್ಲ. ಜೈಲಿನಲ್ಲಿರುವವನು ತಾನು ಎಂದೇ ಅವನ ಲೆಕ್ಕ. ಈಚೆಗಂತೂ ಗಿಟಾರು ಎತ್ತಿಕೊಂಡರೆ ಬೆರಳುಗಳು ಹೋದ ವರ್ಷ ಓಡಾಡಿದ ಜಾಗದಲ್ಲೇ ಓಡಾಡುತ್ತಿದ್ದವು. ಇಷ್ಟೆಲ್ಲ ವಾದ್ಯ ಕೇಳಿಸುತ್ತದೆ, ಅದರೊಳಗೆ ತನ್ನನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಇಲ್ಲವಲ್ಲ ಎಂದು ಗಿಟಾರು ಕೆಳಗಿಡುತ್ತಿದ್ದ. ಜೊತೆಗೊಬ್ಬರು ಸಿಕ್ಕರೆ ಸರಿ, ಇಲ್ಲವಾದರೆ ಗಿಟಾರನ್ನು ಅಟ್ಟಕ್ಕೆ ಹಾಕಿಬಿಡುವುದು ಎಂದು ತೀರ್ಮಾನಿಸಿ, ಹವ್ಯಾಸಿ ವಾದಕರ ಮೊಬೈಲು ಗುಂಪೊಂದರಲ್ಲಿ ಬರೆದು ಹಾಕಿದ: 'ಮನೆಯಲ್ಲೇ ರೆಕಾರ್ಡು ಮಾಡುತ್ತೇನೆ. ಜೊತೆಗಾರರು ಬೇಕು.'

ಹದಿನೆಂಟು ದಿನ ಕಾದ ಮೇಲೆ ಒಬ್ಬ ಸಿಕ್ಕಿದ, ಬಸ್ಸು ಡ್ರೈವರು. ಪಾಳಿ ಬದಲಾಗುವ ಹೊತ್ತಿನಲ್ಲಿ ಡಿಪೋದಲ್ಲಿ ಕೂತು ಮೌತ್ ಆರ್ಗನ್ ನುಡಿಸುತ್ತಾನಂತೆ. ಫೋನಿನಲ್ಲೇ ರೆಕಾರ್ಡು ಮಾಡಿ ಕಳಿಸಿದ. ಅದರ ತುಂಬ ಇಂಜಿನ್ನಿನ ಗುರುಗುರು, ನಡುವೆ ಯಾರದೋ ಸೀನು. ಆದರೂ ನಮ್ಮ ಸಾಹೇಬರಿಗೆ ಎಷ್ಟೋ ಕಾಲದ ಮೇಲೆ ಮೈ ಜುಮ್ಮೆಂದಿತು. ಭಾನುವಾರ ಮನೆಗೇ ಬನ್ನಿ ಎಂದು ಕರೆದ.

ಡ್ರೈವರು ಬಂದದ್ದೇ ತಡ, ಅಕ್ಕನಿಗೆ ಸಂಭ್ರಮವೋ ಸಂಭ್ರಮ. ಈ ಮನೆಗೆ ಜನ ಬಂದು ಯಾವ ಕಾಲವಾಗಿತ್ತೋ! ಚಹಾ ಕೊಟ್ಟು, ಬೇಡವೆಂದರೂ ಇನ್ನೊಂದು ಲೋಟ ಕೊಟ್ಟು, ತನ್ನ ಕೋಣೆಗೆ ಹೋಗಿ ಕೂತಳು. ಇವನು ಗೋಡೆ ಕುಟ್ಟಿ, ಹೆಡ್‌ಫೋನು ಏರಿಸಿಕೊಂಡು, ಕೈಸನ್ನೆ ಮಾಡಿದ. ಡ್ರೈವರು ಕಣ್ಣು ಮುಚ್ಚಿ ನುಡಿಸತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಗುನುಗು ನುಸುಳಿತು. ಖುಷಿಯಲ್ಲಿ ಅಕ್ಕ ನಿಯಮ ಮರೆತಿದ್ದಳು. ಡ್ರೈವರು ಒಂದು ಸ್ವರವನ್ನು ಹಾಗೇ ಎಳೆದು ಹಿಡಿದು, ತಾಳಕ್ಕಿಂತ ಹಿಂದೆ ಬಿದ್ದು, ಆಮೇಲೆ ಮೆಲ್ಲಗೆ ಮುಂದೆ ಹೋದ.

"ಚೆನ್ನಾಗಿತ್ತು. ಇನ್ನೊಂದ್ಸಲ ಮಾಡೋಣ" ಎಂದ ಇವನು. "ಅಕ್ಕಾ, ಸದ್ದು ಬರ್ತಿದೆ!" ಎಂದು ಕೂಗಿದ. ಆಚೆ ಗುನುಗು ಕತ್ತರಿಸಿದ ಹಾಗೆ ನಿಂತಿತು. ಹಳೆಯ ಕಂಪ್ಯೂಟರು, ಜಾಗ ಸಾಲದು. ಕೆಟ್ಟದ್ದನ್ನು ಆಗಿಂದಾಗಲೇ ಅಳಿಸುವುದು ಅವನ ರೂಢಿ. ಅಳಿಸಿದ.

ಎರಡನೆಯದು ಕೂದಲೆಳೆಯಷ್ಟು ಬೇಗ ಶುರುವಾಯಿತು. ಮೂರನೆಯದರಲ್ಲಿ ಉಸಿರು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂಬತ್ತು ಸಲವಾಗಿ ಡ್ರೈವರ ತುಟಿ ಕೆಂಪಗೆ ಊದಿಕೊಂಡಿತ್ತು.

"ಒಂದೇ ಸ್ಟಾಪನ್ನ ಮೂವತ್ತೊಂಬತ್ತು ಸಲ ಸುತ್ತಿದಂಗಾಯ್ತು ಸಾರ್" ಎಂದು ನಕ್ಕು ಎದ್ದ. ಮತ್ತೆ ಬರುತ್ತೇನೆ ಎನ್ನಲಿಲ್ಲ.

ಕೊನೆಯ ಸಲದ್ದನ್ನು ಇಟ್ಟುಕೊಂಡು ಇವನು ನಾಲ್ಕು ಸಂಜೆ ತಿದ್ದಿದ. ಪ್ರತಿ ಸ್ವರವನ್ನೂ ತಾಳಕ್ಕೆ ಕೂರಿಸಿ, ಉಸಿರನ್ನೆಲ್ಲ ಕಿತ್ತು ತೆಗೆದು ಡ್ರೈವರಿಗೆ ಕಳಿಸಿದ. ಫೋನು ಬಂತು.

"ಅಚ್ಚುಕಟ್ಟಾಗಿದೆ ಸಾರ್. ಆದ್ರೆ ಇದು ನಾನಲ್ಲ. ಆ ಮೊದಲನೇದು ಹಾಕಿ ನೋಡಿ. ನಿಮ್ಮಕ್ಕ ಹಾಡ್ಕೋತಿದ್ರಲ್ಲ, ಅದು."

"ಅದು ಸದ್ದು ಬಂದು ಹಾಳಾಯ್ತಲ್ಲ?"

"ಹಾಳಾಯ್ತಾ? ಅವರು ಮುಂದೆ ಎಲ್ಲಿಗೆ ಹೋಗ್ತಾರೋ ಅಂತ ಕೇಳ್ಕೊಂಡೇ ನಾನು ನುಡಿಸಿದ್ದು. ನಿಮ್ಮ ಹಾಡುಗಾರ್ತಿ ಅವರೇ ಅಂದ್ಕೊಂಡಿದ್ದೆ. ಅವರು ಹಾಡೋದಾದ್ರೆ ಹೇಳಿ ಸಾರ್, ರಜ ಹಾಕಿ ಬರ್ತೀನಿ. ಇಲ್ಲಾಂದ್ರೆ ಬೇಡ ಬಿಡಿ."

ಇವನು ಫೋನು ಇಟ್ಟು ಕಂಪ್ಯೂಟರು ತೆರೆದ. ಅಳಿಸಿದ್ದನ್ನು ಹುಡುಕಿದ, ಸಿಗಲಿಲ್ಲ. ಆ ಗುನುಗು ಹೇಗಿತ್ತೆಂದು ನೆನಪು ಮಾಡಿಕೊಂಡರೆ 'ಸದ್ದು' ಎಂಬುದೊಂದು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಮೈಕು ಕಳಚಿಕೊಂಡು, ತಂತಿ ಎಳೆದುಕೊಂಡು, ಅಕ್ಕನ ಕೋಣೆಗೆ ಹೋದ. ಅವಳು ಯಾರದೋ ಅಂಗಿಗೆ ಕಾಲರು ಕೂರಿಸುತ್ತಿದ್ದಳು.

"ಅಕ್ಕಾ, ಅವತ್ತು ಏನೋ ಹಾಡ್ಕೋತಿದ್ದೆಯಲ್ಲ, ಅದನ್ನ ಒಂದ್ಸಲ ಹಾಡು."

"ಯಾರು, ನಾನಾ?" ಅವಳು ನಾಚಿದಳು. ಒಳಗೊಳಗೇ ಹಿಗ್ಗಿದ್ದು ಮುಖದಲ್ಲಿ ಕಾಣುತ್ತಿತ್ತು. ಕತ್ತರಿ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಅವಳ ಕಣ್ಣು ಅವನ ಕೈ ಮೇಲೇ ಇತ್ತು, ಯಾವಾಗ ತಡೆಯುತ್ತಾನೋ ಎಂದು.

"ಹನ್ನೊಂದು ವರ್ಷ ಉಸಿರೆತ್ತಬೇಡ ಅಂದೋನು ನೀನು. ಈಗ ಹಾಡು ಅಂದ್ರೆ ಎಲ್ಲಿಂದ ಬರತ್ತೋ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮೈಕನ್ನು ಬಟ್ಟೆಗಳ ನಡುವೆ ಇಟ್ಟು, ಅವಳ ಕಾಲ ಬಳಿ ನೆಲದ ಮೇಲೆ ಕೂತ.

"ನಿಧಾನವಾಗಿ ಬರ್ಲಿ ಅಕ್ಕಾ. ನಾನು ಕಾಯ್ತೀನಿ."

"ಕಾಯ್ಬೇಡ್ವೋ" ಎಂದಳು ಅಕ್ಕ. "ನೀನು ಕೇಳ್ತಿದೀಯ ಅಂದ್ರೇನೇ ನನಗೆ ಭಯ ಆಗತ್ತೆ."