ವ್ಯಾನಿಗೆ ಲಾವಂಚದ ತಟ್ಟಿ

ಕೇಳ್ರಪ್ಪಾ, ನಾಳೆ ನಮ್ಮ ಟಾರ್ಪಾಲ್ ವ್ಯಾನಿನಲ್ಲಿ ಮಂತ್ರಾಲಯಕ್ಕೆ ಹೊರಟಿದ್ದೀವಿ. ಹೋದ ಸಲ ಸೆಕೆಗೆ ನಮ್ಮಕ್ಕ ತಲೆ ಸುತ್ತಿ ಬಿದ್ದು, ಅರ್ಧ ದಾರಿಯಿಂದ ವಾಪಸ್ ಬಂದಿದ್ವಿ. ಈ ಸಲ ಎಸಿ ಹಾಕಿಸಿ ಅಂದ ಅಳಿಯ.

"ಬಟ್ಟೆ ಗೋಡೆಗೆ ಎಸಿ ಹಾಕಿದ್ರೆ ರಾಜಾಜಿನಗರ ತಣ್ಣಗಾಗುತ್ತೆ, ವ್ಯಾನಲ್ಲ" ಅಂದೆ.

ಲಾವಂಚದ ತಟ್ಟಿ ಕಟ್ಟಿ, ನೀರು ಚಿಮುಕಿಸಿ, ಅದರ ಹಿಂದೆ ಬ್ಯಾಟರಿ ಫ್ಯಾನ್ ಇಟ್ಟೆ. ಇವತ್ತು ಮನೆ ಮುಂದೇನೇ ಅಕ್ಕನನ್ನ ಒಳಗೆ ಕೂರಿಸಿ ನೋಡಿದೆ. ಕಿವಿಗೆ ಹತ್ತಿ ತುರುಕಿಕೊಂಡು, ಶಾಲು ಹೊದ್ದು ಕೂತಳು.

"ಗಾಳಿ ಕಿವಿಗೆ ಹೊಡೀತಿದೆ, ನಿಲ್ಲಿಸೋ."

ನಿಲ್ಲಿಸಿದೆ.

"ಸೆಕೆ ಕಣೋ, ಉಸಿರು ಕಟ್ತಿದೆ."

"ಮೊದಲು ಆ ಶಾಲು ತೆಗಿಯಕ್ಕಾ!"

"ಶೀತ ಆದ್ರೆ ನಿಮ್ಮಪ್ಪ ಬಂದು ನೋಡ್ಕೋತಾನಾ?"

ಅವಳಿಗೂ ಅವನೇ ಅಪ್ಪ. ಜಗಳ ಮುಗಿಯೋ ಹೊತ್ತಿಗೆ ತೀರ್ಮಾನವಾಯಿತು: ಫ್ಯಾನಿಗೆ ಎದುರಾಗಿ ನಾನು, ನನ್ನ ಬೆನ್ನ ಹಿಂದೆ ಅವಳು. ಮಂತ್ರಾಲಯದ ತನಕ ತಂಪು ಅವಳದು, ನೆಗಡಿ ನನ್ನದು.