ಊಟ ಕೇಳುವ ಫೈಲು

ಪಕ್ಕದ ಮನೆಯ ಮಾಲಿನಿಯನ್ನು ನೋಡಿದವರು ಪಾಪದ ಹೆಂಗಸು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕಾಮಗೆರೆಯ ಆ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಬೆಳಗ್ಗೆ ಕೆಲಸ ಮುಗಿಸಿ ನಾನು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತೇನೆ, ಮಾತು ಕೇಳುತ್ತೇನೆ.

ಅವಳ ಮಾವ ಪುಟ್ಟಮಲ್ಲಪ್ಪ ಟೆಲಿಫೋನ್ ಲೈನ್‌ಮ್ಯಾನ್ ಆಗಿದ್ದವರು. ನಿವೃತ್ತರಾದ ಜೊತೆಗಾರರೆಲ್ಲ ಸೇರಿ ಕಂಪ್ಯೂಟರಿನಲ್ಲಿ ಹರಟುತ್ತಾರೆ. ಪಟವಿಲ್ಲ, ದನಿಯಿಲ್ಲ, ಕರಿ ಪರದೆಯ ಮೇಲೆ ಬರೀ ಅಕ್ಷರ. ಒಂದು ದಿನ ಹನೂರಿನ ಗುರುಸಿದ್ದಯ್ಯ ಫೋನಿನಲ್ಲಿ ಕೂಗಾಡಿದ್ದು ನನಗೂ ಕೇಳಿಸಿತು.

"ಮೂರ್ ದಿನ್ದಿಂದ ಕಂಪ್ಯೂಟ್ರಿಗೆ ಬತ್ತಾವ್ನಿ. ಊಟ ಆಯ್ತಾ ಅಂತ ಒಂದ್ ಮಾತ್ ಕೇಳಿದ್ಯಾ? ನಿನ್ ಸವಾಸ ಸಾಕು ಕಣ್ಲಾ!"

ನಲವತ್ತು ವರ್ಷ ಒಂದೇ ಕಂಬ ಹತ್ತಿದ ಗೆಣೆಕಾರ. ಪುಟ್ಟಮಲ್ಲಪ್ಪನವರ ಮುಖ ಸಪ್ಪಗಾಯಿತು.

"ಒಂದ್ ಬೆಳ್ಳಲ್ಲಿ ಅಕ್ಷರ ಉಡುಕೋ ಒತ್ಗೆ ಅವ್ನು ಎದ್ದೋಗಿರ್ತಾನೆ ಕಣವ್ವ."

"ಅಷ್ಟೇ ತಾನೆ ಮಾವ? ಒಂದ್ ಫೈಲ್ ಬರ್ದ್ಕೊಡ್ತೀನಿ. ಯಾರ್ ಬಂದ್ರೂ ಅದೇ ಊಟ ಕೇಳ್ತದೆ. ಯಾರಾದ್ರೂ ನಿಮ್ಮುನ್ನ ಕೇಳಿದ್ರೂ, ಆಯ್ತು ನಿಮ್ದಾಯ್ತಾ ಅಂತದೆ."

ಪುಟ್ಟಮಲ್ಲಪ್ಪನವರು ಫೈಲಿನ ಹೆಸರೊತ್ತಿ ಲೋಡ್ ಮಾಡಿದರು. ಸಿಗಲಿಲ್ಲ ಎಂದಿತು ಯಂತ್ರ. ಮಾಲಿನಿ ನಕ್ಕಳು.

"ಅದು ಪೆನ್‌ಡ್ರೈವಲ್ಲಿ ಕೂತದೆ ಮಾವ. ಯಾವೂರು ಯಾವ ಬೀದಿ ಅಂತ ಹೇಳ್ದೆ ಬರೀ ಹೆಸರಿಡ್ದು ಕೂಗುದ್ರೆ ಬಂದದಾ?"

ದಾರಿಯನ್ನೂ ಸೇರಿಸಿ ಬರೆದರು. ಫೈಲು ಒಳಗೆ ಬಂತು. ಗುರುಸಿದ್ದಯ್ಯ ಪರದೆಗೆ ಬಂದ ಕೂಡಲೇ ಊಟ ವಿಚಾರಿಸಿತು. ಅವರು ಹಿಗ್ಗಿ, ಗುಟ್ಟು ತಿಳಿದು, ತನಗೂ ಅದೇ ಬೇಕೆಂದರು. ಮಾಲಿನಿ ಮರುಮಾತಿಲ್ಲದೆ ಕಳಿಸಿದಳು.

ಮಾರನೆಯ ದಿನ ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಯಂತ್ರ ಹಚ್ಚಿಟ್ಟು ಟೀ ಕುಡಿಯಲು ಹೋದರು. ಇತ್ತ ಫೈಲುಗಳೆರಡೂ ಬಿಡದೆ ಉಪಚಾರಕ್ಕೆ ನಿಂತವು. ಆಯ್ತು, ನಿಮ್ದಾಯ್ತಾ? ಆಯ್ತು, ನಿಮ್ದಾಯ್ತಾ? ಪರದೆ ತುಂಬಿ ಹರಿಯಿತು. ಮಿಕ್ಕವರು ತಲೆ ಚಚ್ಚಿಕೊಂಡು ಇಬ್ಬರನ್ನೂ ಆಚೆ ಹಾಕಿದರು.

ಮಧ್ಯಾಹ್ನದ ಬಸ್ಸಿಗೆ ಗುರುಸಿದ್ದಯ್ಯ ಖುದ್ದಾಗಿ ಇಳಿದರು.

"ಲೇ ಪುಟ್ಟಮಲ್ಲ, ಒಂದೇ ಒತ್ನಲ್ಲಿ ನಾನೂರ್ ಸಲ ಊಟ ಕೇಳಿದ್ದೀಯ. ಒಂದ್ ಸಲನಾರ ಮನೆಗ್ ಬಾ ಅಂದ್ಯಾ?"

ಪುಟ್ಟಮಲ್ಲಪ್ಪನವರು ಬಾಯಿ ತೆರೆಯುವುದರೊಳಗೆ ಮಾಲಿನಿ ಎಲೆ ಹಾಕಿ, ಬಿಸಿ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟಿದ್ದಳು. ಎರಡು ಮುದ್ದೆ ಇಳಿಯುವಷ್ಟರಲ್ಲಿ ಹಳೇ ಕಂಬಗಳ ಕಥೆ ಶುರುವಾಯಿತು.

ನಾನು ಮೆಲ್ಲಗೆ ಕೇಳಿದೆ. "ಅಲ್ಲ ಕಣವ್ವ, ಇಬ್ರಿಗೂ ಒಂದೇ ಫೈಲ್ ಕೊಟ್ರೆ ಇಂಗಾಯ್ತದೆ ಅಂತ ನಿಂಗ್ ಗೊತ್ತಿರ್ನಿಲ್ವಾ?"

"ಗೊತ್ತಿತ್ತು ದೊಡ್ಡವ್ವ," ಎಂದಳು ಪಾಪದ ಹೆಂಗಸು. "ಅದ್ಕೇ ಅಲ್ವಾ ನಿಮ್ ಕೈಲಿ ಇವತ್ತು ಎರಡ್ ಸೇರು ಅವರೆಕಾಯಿ ಸುಲ್ಸಿದ್ದು?"